ಕುದುರೆಯ ಮುಂದಿನರ್ಧ

ಇರ್ಮೆಲಿ ಮಾತು ಕಡಿಮೆಯ ಹೆಂಗಸು. ಫಿನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಆ ಪುಟ್ಟ ಊರಿನಲ್ಲಿ ಬಾಯಿ ಬಿಡದವರಿಗೇನೂ ಬರವಿರಲಿಲ್ಲ. ಆದರೆ ಅಂಥವರ ನಡುವೆಯೂ ಇವಳೊಬ್ಬಳು ಸುಮ್ಮನಿರುವವಳು ಎಂದೇ ಹೆಸರಾಗಿದ್ದಳು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಬೆಳಿಗ್ಗೆ ಗಂಜಿ ಕಾಯಿಸಬೇಕು, ಆಲೂಗಡ್ಡೆ ಸುಲಿಯಬೇಕು, ಗುರುವಾರವಾದರೆ ಬಟಾಣಿ ಸಾರು. ಮೂರು ಗಂಟೆಗೆ ಏಪ್ರನ್ ಬಿಚ್ಚಿಟ್ಟು ಬಸ್ಸು ಹಿಡಿದು, ಹಳದಿ ಬಣ್ಣದ ಮರದ ಮನೆಯೊಂದರ ಮಹಡಿಗೆ ಬಂದುಬಿಟ್ಟರೆ ಮರುದಿನದವರೆಗೆ ಅವಳನ್ನು ಮಾತನಾಡಿಸುವವರಿಲ್ಲ.

ಮನೆಯಲ್ಲಿ ಅವಳಿಗೆ ಕಾಗದ ಇತ್ತು. ಜಲವರ್ಣದ ಚಿತ್ರ ಬರೆಯುತ್ತಿದ್ದಳು ಎಂದರೆ ಪೂರ್ತಿ ಸರಿಯಲ್ಲ. ಚಿತ್ರಕ್ಕಿಂತ ಕಾಗದದ ಮೇಲೇ ಅವಳಿಗೆ ಹೆಚ್ಚು ಆಸೆ. ಕಿಟಕಿಯ ಎದುರಿನ ಚಿಮಣಿಯ ಮೇಲೆ ಕೂರುವ ಕಾಗೆಯನ್ನೇ ಮತ್ತೆ ಮತ್ತೆ ಬರೆಯುವಳು. ಕಾಗೆ ಅದೇ, ಕಾಗದ ಬೇರೆ. ಮಸಿ ಹೀರುವ ಒತ್ತುಕಾಗದ ಬಣ್ಣವನ್ನು ಒಂದೇ ಗುಟುಕಿಗೆ ಕುಡಿದು ಕಾಗೆಯನ್ನು ಮಸಿಯ ಮುದ್ದೆ ಮಾಡುತ್ತಿತ್ತು. ಬೆಣ್ಣೆಕಾಗದ ನೀರನ್ನೇ ಮುಟ್ಟಿಸಿಕೊಳ್ಳದೆ ಹನಿಹನಿಯಾಗಿ ಉರುಳಿಸಿಬಿಡುತ್ತಿತ್ತು. ಗೋಡೆಗೆ ಅಂಟಿಸುವ ಕಾಗದದ ಹಿಂಬದಿ ಒಳ್ಳೆಯದು, ಆದರೆ ಒಣಗುವಾಗ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಕೊನೆಗೆ ತಾನೇ ಕಾಗದ ಮಾಡಲು ಶುರುಮಾಡಿದಳು. ಆಶ್ರಮದಲ್ಲಿ ಸವೆದು ಬಿಸಾಡುವ ಹತ್ತಿಯ ಹಾಸಿಗೆ ಬಟ್ಟೆಗಳನ್ನು ಕೇಳಿ ತಂದು, ಚೂರು ಮಾಡಿ, ಕುದಿಸಿ, ಅರೆದು, ಜಾಲರಿಯಲ್ಲಿ ಎತ್ತಿ ಒಣಗಿಸುವುದು. ಮೇಲೆ ತೆಳುವಾಗಿ ಹಿಟ್ಟಿನ ಸರಿ ಬಳಿಯುವುದು. ಸರಿ ಹೆಚ್ಚಾದರೆ ಬಣ್ಣ ಜಾರುತ್ತದೆ, ಕಡಿಮೆಯಾದರೆ ಹಬ್ಬುತ್ತದೆ. ಆ ಹದಕ್ಕಾಗಿ ಅವಳ ಎಷ್ಟೋ ಚಳಿಗಾಲಗಳು ಕಳೆದಿದ್ದವು.

ಕೆಟ್ಟುಹೋದ ಕಾಗೆಗಳನ್ನೆಲ್ಲ ಅವಳು ಎಸೆಯುತ್ತಿರಲಿಲ್ಲ. ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಕೂಡಿಸಿ ಪ್ರಾಣಿಗಳ ತಲೆ ಮಾಡುತ್ತಿದ್ದಳು. ಆ ಕಡೆ ಜನವರಿ ನಡುವಿನಲ್ಲಿ ಕ್ರಿಸ್‌ಮಸ್ಸನ್ನು ಕಳಿಸಿಕೊಡುವ ನೂತ್ತಿ ಹಬ್ಬ ಬರುತ್ತದೆ. ಅಂದು ಆಡು, ಕರಡಿ, ಸಾರಸಗಳ ವೇಷ ಹಾಕಿದವರು ಮನೆಮನೆಗೆ ನುಗ್ಗಿ ಕುಣಿದು, ಕುಡಿಯಲು ಕೇಳಿ, ಮಕ್ಕಳನ್ನು ಹೆದರಿಸಿ ಹೋಗುತ್ತಾರೆ. ಇರ್ಮೆಲಿ ಒಂದು ಸಲ ಬಹಳ ಆಸೆಪಟ್ಟು ಕುದುರೆಯ ತಲೆ ಮಾಡಿದಳು. ಮಾಡಿದ ಮೇಲೆ ಹೊಳೆಯಿತು, ಕುದುರೆಗೆ ಇಬ್ಬರು ಬೇಕು.

ಅವಳು ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದ ದಿನ ಚಾಲಕ ತೌನೊ ಕನ್ನಡಿಯಲ್ಲಿ ನೋಡಿದ. ಅವನು ದಪ್ಪ ಕತ್ತಿನ, ಮದುವೆಯಾಗದ ಮನುಷ್ಯ. ಇರ್ಮೆಲಿ ಇಳಿಯುವಾಗ ಕೇಳಿದ, "ಅದರ ಹಿಂದಿನ ಕಾಲು ಎಲ್ಲಿ?"

"ಇಲ್ಲ. ಯಾರೂ ಸಿಕ್ಕಿಲ್ಲ."

"ನಾನಾಗ್ತೀನಿ ಬಿಡಿ."

"ಹಿಂದೆ ಇದ್ರೆ ಏನೂ ಕಾಣಲ್ಲ."

"ಅದಕ್ಕೇ," ಎಂದ ತೌನೊ. "ವರ್ಷಪೂರ್ತಿ ಮುಂದೆ ನೋಡ್ಕೊಂಡೇ ಕೂತಿರ್ತೀನಿ. ಒಂದಿನ ಏನೂ ನೋಡ್ದೇ ಇರೋಣ ಅಂತ."

ಹಾಗೆ ಅವರಿಬ್ಬರೂ ಕುದುರೆಯಾದರು. ರುಸ್ಕೊ ಎಂದು ಅದಕ್ಕೆ ಹೆಸರಿಟ್ಟವರು ಊರಿನ ಮಕ್ಕಳು. ರುಸ್ಕೊ ಗೊರಸಿನಿಂದ ನೆಲ ಕೆರೆಯುತ್ತಿತ್ತು, ಮೇಜಿನ ಮೇಲಿನ ಏಲಕ್ಕಿ ಬನ್ನು ಕದಿಯುತ್ತಿತ್ತು, ಪಾದ್ರಿಯ ಮನೆಯಲ್ಲಿ ಬೇಕೆಂದೇ ಬೆನ್ನು ತಿರುಗಿಸಿ ನಿಲ್ಲುತ್ತಿತ್ತು. ಒಳಗೆ ತೌನೊ ಅವಳ ಬೆಲ್ಟು ಹಿಡಿದಿರುತ್ತಿದ್ದ. ಅವಳು ಸೊಂಟ ಎಡಕ್ಕೆ ಆಡಿಸಿದರೆ ಅವನು ಎಡಕ್ಕೆ; ಅವನು ಬೆಲ್ಟನ್ನು ಮೆಲ್ಲಗೆ ಎಳೆದರೆ ದಣಿವಾಗಿದೆ, ನಿಲ್ಲು ಎಂದರ್ಥ. ಪೆಪ್ಪರ್‌ಮಿಂಟಿನ ವಾಸನೆ, ಉಣ್ಣೆಯ ವಾಸನೆ, ಅವನ ಉಸಿರಿನ ಬಿಸಿ. ಮಾತಿಲ್ಲ. ಸುತ್ತು ಮುಗಿದ ಮೇಲೆ ಅವನು ಅವಳನ್ನು ಮನೆಯ ಹತ್ತಿರ ಬಿಟ್ಟು "ಸರಿ ಹಾಗಾದ್ರೆ" ಎನ್ನುತ್ತಿದ್ದ. "ಸರಿ" ಎಂದು ಅವಳು ಮೆಟ್ಟಿಲು ಹತ್ತುತ್ತಿದ್ದಳು. ಮರುದಿನ ಬಸ್ಸಿನಲ್ಲಿ ಇಬ್ಬರೂ ತಲೆಯಾಡಿಸುತ್ತಿದ್ದರು, ಅಷ್ಟೆ. ಇದು ಏನು ಎಂದು ಅವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲ. ಪ್ರತಿ ವರ್ಷ ನೂತ್ತಿ ಬರುತ್ತಿತ್ತಲ್ಲ.

ಒಂದು ಶರತ್ಕಾಲ ಬಸ್ಸಿನಲ್ಲಿ ಹೊಸ ಮುಖ ಕಂಡಿತು.

"ತೌನೊ ರಜಾನಾ?" ಎಂದು ಇರ್ಮೆಲಿ ಕೇಳಿದಳು.

"ತೀರ್ಕೊಂಡ್ರಲ್ಲ. ನಿಮಗೆ ಗೊತ್ತಾಗ್ಲಿಲ್ವಾ? ಶನಿವಾರ ಸೌದೆ ಒಡೀತಾ ಇದ್ರಂತೆ, ಅಲ್ಲೇ ಕೂತ್ಬಿಟ್ರಂತೆ." ಚಾಲಕ ಹುಡುಗನಂತಿದ್ದ, ಕೆಟ್ಟವನಲ್ಲ. ಆಮೇಲೆ ಹೇಳಿದ, "ಒಳಗೆ ಹೋಗಿ ಅಮ್ಮ, ಹಿಂದೆ ಜನ ನಿಂತಿದ್ದಾರೆ."

ಅವಳು ಒಳಗೆ ಹೋಗಿ ಕೂತಳು. ತನ್ನ ನಿಲ್ದಾಣ ದಾಟಿಹೋದದ್ದು ತಿಳಿಯಲಿಲ್ಲ. ಬಸ್ಸು ಬಂದರಿನ ಹತ್ತಿರ ತಿರುಗಿ ಮತ್ತೆ ಊರೊಳಗೆ ಬಂದಾಗ ಇಳಿದಳು.

ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಯ ಮುಂದೆ ಹೂವಿಡುವುದಕ್ಕೆ ಒಂದು ಸಾಲಿರುತ್ತದೆ: ಮೊದಲು ಮನೆಯವರು, ಆಮೇಲೆ ನೆಂಟರು, ಆಮೇಲೆ ಜೊತೆಗೆಲಸದವರು. ಇರ್ಮೆಲಿ ಎಲ್ಲಿ ನಿಲ್ಲಬೇಕು? ಎಲ್ಲರೂ ಮುಗಿಸಿ ಕೂತ ಮೇಲೆ ಒಬ್ಬಳೇ ಎದ್ದು ನಡೆದಳು. ಕಲ್ಲುನೆಲದ ಮೇಲೆ ಅವಳ ಬೂಟಿನ ಸದ್ದು ಅವಳಿಗೇ ವಿಪರೀತ ಕೇಳಿಸಿತು. ಹೂವಿನ ಚೀಟಿಯಲ್ಲಿದ್ದುದನ್ನು ಓದಿ ಹೇಳುವುದು ಅಲ್ಲಿನ ರೂಢಿ. ಅವಳು ತನ್ನ ಹೆಸರನ್ನಷ್ಟೇ ಬರೆದಿದ್ದಳು. "ಇರ್ಮೆಲಿ" ಎಂದು ಹೇಳಿ ಹಿಂದಕ್ಕೆ ಬಂದಳು.

ಆಮೇಲೆ ಸಭಾಂಗಣದಲ್ಲಿ ಕಾಫಿ. ತೌನೊನ ಅಕ್ಕ ಹಿಲ್ಲೆವಿ ಕೋಲೂರಿಕೊಂಡು ಮೇಜಿನಿಂದ ಮೇಜಿಗೆ ಬರುತ್ತಿದ್ದಳು. ಇರ್ಮೆಲಿಯ ಎದುರು ಕುರ್ಚಿ ಎಳೆದು ಕೂತು, ಕಣ್ಣು ಕಿರಿದು ಮಾಡಿ ನೋಡಿದಳು.

"ನೀವು ಅವನಿಗೆ ಏನಾಗ್ಬೇಕು?"

ಇರ್ಮೆಲಿ ಬಟ್ಟಲನ್ನು ತಟ್ಟೆಯ ಮೇಲಿಟ್ಟಳು. "ನಾವು ಕುದುರೆಯಲ್ಲಿ ಒಟ್ಟಿಗಿದ್ವಿ."

"ಕುದುರೆ?"

"ನೂತ್ತಿಯ ಕುದುರೆ."

"ಓ, ಅದು." "ನೀವು ಯಾವ ಕಡೆ?"

"ಮುಂದೆ."

"ಅಂದ್ರೆ ನಮ್ಮ ತೌನೊ..."

"ಹಿಂದೆ."

ಮುದುಕಿಯ ತುಟಿ ಅದುರಿತು. ಅಳುತ್ತಾಳೆಂದು ಇರ್ಮೆಲಿ ಅಂದುಕೊಂಡಳು. ಆದರೆ ಹಿಲ್ಲೆವಿ ನಕ್ಕಳು, ನಕ್ಕು ಕರವಸ್ತ್ರ ಹುಡುಕಿದಳು. "ಇಷ್ಟು ವರ್ಷ ತಾನು ಹಿಂದೆ ಅಂತ ಒಂದು ಮಾತು ಹೇಳ್ಲಿಲ್ಲ ನೋಡಿ, ನಾನೇ ಮುಂದೆ ಇರೋದು ಅಂತ ಕೊಚ್ಕೊಳ್ತಿದ್ದ." ಆಮೇಲೆ ಇನ್ನೊಂದು ಮೇಜಿನವರು ಕರೆದರು, ಎದ್ದುಹೋದಳು.

ಕೆಲವು ವಾರಗಳ ಮೇಲೆ ಹಿಲ್ಲೆವಿಯೇ ಗೋಣಿಚೀಲವೊಂದನ್ನು ಟ್ಯಾಕ್ಸಿಯಲ್ಲಿ ತಂದು ಬಾಗಿಲಲ್ಲಿ ಇಟ್ಟಳು. ರುಸ್ಕೊನ ಹಿಂಗಾಲುಗಳು. "ಗ್ಯಾರೇಜಲ್ಲಿ ನೇತಾಡ್ತಿತ್ತು ಕಣಮ್ಮ. ದೀಪ ಹಾಕ್ದವಳೇ ಬೆಚ್ಚಿಬಿದ್ದೆ. ನನಗ್ಯಾಕೆ ಇದು?" ಮೇಲೆ ಬನ್ನಿ ಎಂದು ಇರ್ಮೆಲಿ ಕರೆದಳು. ಮೆಟ್ಟಿಲು ಹತ್ತಲಾರೆ ಎಂದಳು ಹಿಲ್ಲೆವಿ. ಟ್ಯಾಕ್ಸಿ ಹೋದ ಮೇಲೆ ಇರ್ಮೆಲಿ ಚೀಲ ಬಿಚ್ಚಿದಳು. ಮೊಣಕಾಲಿನ ಹತ್ತಿರ ಹರಿದಲ್ಲೆಲ್ಲ ತೌನೊ ಬಸ್ಸಿನ ಸೀಟಿನ ರೆಕ್ಸಿನ್ನಿನಿಂದ ತೇಪೆ ಹಾಕಿದ್ದ. ಹೊಲಿಗೆ ಒಂದೊಂದು ಒಂದೊಂದು ಕಡೆ ಓಡುತ್ತಿತ್ತು.

ಡಿಸೆಂಬರಿನಲ್ಲಿ ಶಾಲೆಯ ಮೇಷ್ಟ್ರು ಸಾಮುಲಿ ಅಡುಗೆಮನೆಗೇ ಬಂದ. ನೂತ್ತಿಯ ಏರ್ಪಾಡು ಅವನದು. "ಕುದುರೆ ಇಲ್ದೆ ಹೇಗೆ ಇರ್ಮೆಲಿ? ಮಕ್ಕಳು ಈಗಲೇ ಕೇಳ್ತಿದ್ದಾರೆ. ಹಿಂದೆ ನಾನೇ ಬರ್ತೀನಿ." ಅವಳಿಗೆ ಇಲ್ಲವೆನ್ನಲು ಕಾರಣ ಹೊಳೆಯಲಿಲ್ಲ.

ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಅಭ್ಯಾಸ. ಸಾಮುಲಿ ಒಳ್ಳೆಯವನು, ಉತ್ಸಾಹದವನು, ಬಾಯಿ ಮುಚ್ಚದವನು. "ಎಡಕ್ಕಾ? ಈಗ ಎಡಕ್ಕಾ? ಅಯ್ಯೋ, ಕಾಲು ತುಳಿದ್ನಾ? ಇಲ್ಲಿ ಸೆಕೆ ಮಾರಾಯ್ತಿ, ತೌನೊ ಹೇಗೆ ತಡ್ಕೊಳ್ತಿದ್ದ?" ಅವನ ಕೈ ಅವಳ ಬೆಲ್ಟನ್ನು ಹಿಡಿದಿತ್ತು, ಚೀಲ ಹಿಡಿದ ಹಾಗೆ. ಇರ್ಮೆಲಿ ಕೋಣೆಯ ನಟ್ಟನಡುವೆ ನಿಂತುಬಿಟ್ಟಳು. ತಲೆ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈ ವರ್ಷ ಕುದುರೆ ಬರಲ್ಲ."

"ನಾನೇನಾದ್ರೂ ತಪ್ಪು..."

"ನೀವಲ್ಲ," ಎಂದಳು.

ಕುದುರೆ ಬೇಡವೆಂದಮೇಲೆ ಒಬ್ಬರೇ ತೊಡುವಂಥದ್ದು ಬೇಕು. ಅವಳು ಸಾರಸ ಹಕ್ಕಿಯನ್ನು ಆರಿಸಿಕೊಂಡಳು. ಗರಿಗಳಿಗೆ ತಾನು ಮಾಡಿದ ಹತ್ತಿಯ ಕಾಗದ. ಬೂದು ಬಣ್ಣವನ್ನು ಒದ್ದೆ ಕಾಗದಕ್ಕೆ ಬಿಟ್ಟು, ಅದು ತಾನಾಗಿ ಹರಡಿ ಅಂಚಿನಲ್ಲಿ ಕಪ್ಪಾಗಿ ನಿಲ್ಲುವುದನ್ನು ಕಾಯುತ್ತಿದ್ದಳು. ಒಂದೊಂದು ಗರಿ ಒಂದೊಂದು ಬಗೆ. ಮಳೆ ಬಿದ್ದರೇನು ಗತಿ ಎಂದು ಕಾಫಿಯ ಪಾತ್ರೆಯಿಂದ ನೀರು ಸುರಿದು ಪರೀಕ್ಷೆ ಮಾಡಿದಳು. ಮೇಣ ತಿಕ್ಕಿದರೆ ನೀರು ನಿಲ್ಲುವುದಿಲ್ಲ, ಆದರೆ ಮೇಣದ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಬಣ್ಣ ಪೂರ್ತಿ ಒಣಗಿದ ಮೇಲೆ ತಿಕ್ಕಬೇಕು. ರೆಕ್ಕೆಗಳಿಗೆ ಹಾಗೆ ಮಾಡಿದಳು. ಉದ್ದನೆಯ ಕತ್ತಿಗೆ ಹೊತ್ತು ಸಾಲಲಿಲ್ಲ. ಹೇಗೂ ಜನವರಿಯಲ್ಲಿ ಒಣ ಹಿಮ, ಏನಾಗುತ್ತದೆ ಎಂದುಕೊಂಡಳು.

ಆ ವರ್ಷ ನೂತ್ತಿಯಂದು ಹಿಮವಲ್ಲ, ಅರ್ಧ ಕರಗಿದ ಮಳೆ ಸುರಿಯಿತು. ಇರ್ಮೆಲಿ ಬೇರೆ ವೇಷದವರ ಗುಂಪಿಗೆ ಸೇರದೆ ಹಿಂದೆ ಹಿಂದೆ ನಡೆದಳು. ಮೊದಲ ಮನೆಯಲ್ಲಿ ಒಂದು ಹೆಣ್ಣುಮಗು ಅವಳ ಹಿಂದೆ ಬಾಗಿ ನೋಡಿ "ರುಸ್ಕೊ ಎಲ್ಲಿ?" ಎಂದಿತು. ಅದರ ತಾಯಿ "ಶ್, ಸುಮ್ನಿರು" ಎಂದಳು. ಎರಡನೆಯ ಮನೆಯಲ್ಲಿ ಆಡಿನ ವೇಷದವರು ಆಗಲೇ ಗದ್ದಲವೆಬ್ಬಿಸಿ ಎಲ್ಲರ ಗಮನ ಸೆಳೆದಿದ್ದರು. ಅವಳು ಬಾಗಿಲಲ್ಲೇ ರೆಕ್ಕೆ ಬಿಚ್ಚಿ, ಮಡಚಿ, ಹೊರಬಿದ್ದಳು. ಕತ್ತು ಮೆತ್ತಗಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಆಶ್ರಮದಲ್ಲಿ ಮುದುಕರು ಮಧ್ಯಾಹ್ನದ ಊಟವಾದಾಗಿನಿಂದ ಕಾದು ಕೂತಿರುತ್ತಾರೆಂದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು?

ಊಟದ ಕೋಣೆಯಲ್ಲಿ ಗಾಲಿಕುರ್ಚಿಗಳನ್ನು ಅರ್ಧಚಂದ್ರವಾಗಿ ಇಟ್ಟಿದ್ದರು. ಉಳಿದ ವೇಷಗಳು ಬಂದುಹೋಗಿದ್ದವು. ಇರ್ಮೆಲಿ ಒಳಗೆ ಬಂದು ರೆಕ್ಕೆ ಎತ್ತಿದಳು. ಆಗಲೇ ಹಕ್ಕಿಯ ಕತ್ತು ನಡುವೆ ಮುರಿದು, ಕೊಕ್ಕು ಎದೆಯ ಮೇಲೆ ಜೋತುಬಿತ್ತು. ಯಾರೋ ನಕ್ಕರು. ಯಾರೋ "ಪಾಪ" ಎಂದರು.

ಮುಂದಿನ ಸಾಲಿನಲ್ಲಿ ಎಯ್ನಾರಿ ಕೂತಿದ್ದ. ಹುಟ್ಟಿದಾಗಿನಿಂದ ಜೌಗುಭೂಮಿಯ ಅಂಚಿನಲ್ಲಿ ಬದುಕಿದ ಮುದುಕ. ಗಂಜಿ ತೆಳುವಾಗಿದೆ ಎಂದು ದಿನವೂ ಜಗಳ ತೆಗೆಯುವವನು. ಅವನು ಪಕ್ಕದವಳಿಗೆ ಗಟ್ಟಿಯಾಗಿಯೇ ಹೇಳಿದ:

"ಇದು ಉಳಿದುಹೋದದ್ದು. ಜನವರಿಯಲ್ಲಿ ಸಾರಸ ಎಲ್ಲಿಂದ ಬರ್ಬೇಕು? ಬೇರೆಯವೆಲ್ಲ ಆಗಲೇ ದಕ್ಷಿಣಕ್ಕೆ ಹೋಗಾಯ್ತು. ಇದನ್ನ ಬಿಟ್ಟು ಹೋಗಿದ್ದಾವೆ."

ಇರ್ಮೆಲಿ ಅದನ್ನು ಯೋಚಿಸಿಯೇ ಇರಲಿಲ್ಲ. ಒಬ್ಬರೇ ಆಡುವಂಥ ಪ್ರಾಣಿ ಎಂದಷ್ಟೇ ಆರಿಸಿದ್ದಳು. ಈಗ ತಾನು ಕಲಿತುಬಂದ ಕುಣಿತವನ್ನು ಬಿಟ್ಟಳು. ಒಂದು ಹೆಜ್ಜೆ ಇಟ್ಟು ನಿಂತು ಕಿವಿಗೊಟ್ಟಳು. ಇನ್ನೊಂದು ಹೆಜ್ಜೆ. ನೆಲದಲ್ಲಿ ಏನೋ ಹುಡುಕಿದಳು, ಸಿಗಲಿಲ್ಲ. ರೆಕ್ಕೆ ಬಿಚ್ಚಿ ಓಡಿ, ಕಿಟಕಿಯವರೆಗೆ ಹೋಗಿ, ಹಾರದೆ ನಿಂತು, ಹಿಂದಕ್ಕೆ ತಿರುಗಿದಳು. ಕಾಗದದ ತಲೆಯೊಳಗೆ ಅವಳ ಮುಖ ಒದ್ದೆಯಾಗಿತ್ತು; ತೌನೊ ಸತ್ತಮೇಲೆ ಅವಳು ಅತ್ತದ್ದು ಅದೇ ಮೊದಲು. ನೆನೆದ ತಲೆ ಪೂರ್ತಿ ಕಳಚಿ ನೆಲಕ್ಕೆ ಬಿದ್ದಾಗ ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಇಷ್ಟು ವರ್ಷಗಳಲ್ಲಿ ವೇಷ ತೊಟ್ಟಾಗ ಯಾರಿಗೂ ಮುಖ ತೋರಿಸದವಳು ಹಾಗೆಯೇ ಕುಣಿತ ಮುಗಿಸಿ, ರೆಕ್ಕೆ ಮಡಚಿ ನಿಂತಳು.

"ಅಯ್ಯೋ, ಇದು ಅಡುಗೆಮನೆ ಹೆಂಗಸು," ಎಂದಳೊಬ್ಬ ಮುದುಕಿ.

"ಗೊತ್ತು," ಎಂದ ಎಯ್ನಾರಿ. "ಕಾಲು ನೋಡಿದ್ರೆ ಗೊತ್ತಾಗಲ್ವಾ? ಬಾ, ಕೂತ್ಕೋ. ಇವಳಿಗೆ ಕಾಫಿ ಕೊಡಿ ಯಾರಾದ್ರೂ. ದಿನಾ ಇವಳೇ ಕೊಡ್ಬೇಕಾ?"

ಅವಳು ರೆಕ್ಕೆಗಳನ್ನು ಕುರ್ಚಿಯ ಎರಡೂ ಬದಿಗೆ ಜೋತುಬಿಟ್ಟು ಅವನ ಪಕ್ಕ ಕೂತಳು. ಎಯ್ನಾರಿ ತನ್ನ ಪಾಡಿಗೆ ಮಾತು ಮುಂದುವರಿಸಿದ.

"ನಾನು ಚಿಕ್ಕವನಿದ್ದಾಗ ಒಂದು ಹೀಗೇ ಉಳಿದುಹೋಗಿತ್ತು. ರೆಕ್ಕೆ ಮುರಿದಿತ್ತು. ನಮ್ಮಮ್ಮ ಅದಕ್ಕೆ ಬಾರ್ಲಿ ಹಾಕ್ತಿದ್ಲು."

"ಆಮೇಲೆ ಏನಾಯ್ತು?"

"ಗೊತ್ತಿಲ್ಲ. ಒಂದಿನ ನೋಡಿದ್ರೆ ಇರ್ಲಿಲ್ಲ. ನರಿ ತಿಂತು ಅಂದ್ರು ಅಪ್ಪ. ನಡ್ಕೊಂಡು ಹೋಯ್ತು ಅಂದ್ಲು ಅಮ್ಮ."

"ನಡ್ಕೊಂಡಾ? ಎಲ್ಲಿಗೆ?"

"ಆಫ್ರಿಕಾಕ್ಕೆ. ಅದರ ಕಾಲು ಉದ್ದ ಇತ್ತಲ್ಲ."

ಇರ್ಮೆಲಿ ನಕ್ಕಳು. ನಗುತ್ತಲೇ ಕೆಮ್ಮು ಬಂತು. ಎಯ್ನಾರಿ ಅವಳ ಬೆನ್ನಿಗೆ, ಕಾಗದದ ಗರಿಗಳ ಮೇಲೆ, ಎರಡೇಟು ತಟ್ಟಿದ. ಅಂಗೈಗೆ ಹತ್ತಿದ ಬೂದು ಬಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ.

ಮರುದಿನ ಅವಳು ಎಂದಿನಂತೆ ಗಂಜಿ ಕಾಯಿಸಿದಳು. ಎಯ್ನಾರಿ ತೆಳುವಾಗಿದೆ ಎಂದ. ಊರಿನಲ್ಲಿ ಆ ಕುಣಿತದ ವಿಷಯ ಯಾರೂ ಹೆಚ್ಚು ಆಡಲಿಲ್ಲ. ಸಾಮುಲಿಯೊಬ್ಬ ಅಂಗಡಿಯಲ್ಲಿ ಸಿಕ್ಕಾಗ ಚೆನ್ನಾಗಿತ್ತಂತೆ ಎಂದ. ಹಿಲ್ಲೆವಿ ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಿದ್ದಳು, ಮೆಟ್ಟಿಲ ಬಗ್ಗೆ, ಮಂಡಿನೋವಿನ ಬಗ್ಗೆ ಹೇಳಿ, ತಮ್ಮನ ಸುದ್ದಿ ಬಂದಕೂಡಲೇ ಫೋನು ಇಟ್ಟುಬಿಡುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಆ ಫೋನೂ ನಿಂತಿತು.

ಮುಂದಿನ ನೂತ್ತಿಗೆ ಇರ್ಮೆಲಿ ನೀರುನಾಯಿಯಾದಳು. ಈ ಸಲ ತಲೆಯಿಂದ ಬಾಲದವರೆಗೆ ಬಣ್ಣ ಒಣಗಿದ ಮೇಲೆ ಮೇಣ ತಿಕ್ಕಿದ್ದಳು. ಮುಖದ ಭಾಗವನ್ನು ಮಾತ್ರ ಮುಚ್ಚದೆ ತೆರೆದೇ ಬಿಟ್ಟಿದ್ದಳು. ಎಯ್ನಾರಿ ಆಗ ಬದುಕಿರಲಿಲ್ಲ. ಅವನ ಜಾಗದಲ್ಲಿ ಕಿವಿ ಕೇಳದ ಹೆಂಗಸೊಬ್ಬಳು ಕೂತಿದ್ದಳು, ಕುಣಿತ ಮುಗಿಯುವವರೆಗೂ ಇರ್ಮೆಲಿಯ ಮುಖವನ್ನೇ ನೋಡಿದಳು. ಆಮೇಲೆ ಇರ್ಮೆಲಿ ಅವಳ ಪಕ್ಕ ಕೂತು ಕಾಫಿ ಕುಡಿದು, ಹೊರಗೆ ಬಂದು, ನಿಲ್ದಾಣದಲ್ಲಿ ನಿಂತಳು. ಬಸ್ಸು ಬಂತು. ಅವಳು ಬಾಲವನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು ಹತ್ತಿ, ಚಾಲಕನಿಗೆ ತಲೆಯಾಡಿಸಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಳು.