ನೀರಿಗೆ ಹಾಕಿದ ಲಕೋಟೆ

ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜು ಉಜ್ಜುತ್ತಿದ್ದ ಅವನನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಆ ಹೆಸರು ಕೆಲಸದಿಂದ ಬಂದದ್ದಲ್ಲ. ಊಟದ ಬಿಡುವಿನಲ್ಲಿ ಉಳಿದವರು ಬಾಗಿಲ ಬಳಿ ನಿಂತು ಹರಟೆ ಹೊಡೆಯುತ್ತಿದ್ದರೆ ಇವನು ಜೇಬಿನಿಂದ ಭೂತಗನ್ನಡಿ ತೆಗೆದು, ಅಂಗಡಿಗೆ ಬಂದ ಟಪಾಲಿನ ಮೂಲೆಗಳನ್ನು ಒಂದೊಂದಾಗಿ ನೋಡುತ್ತ ಕೂರುತ್ತಿದ್ದ.

"ಏನ್ರೀ ಭೂತಗನ್ನಡಿ, ರಾಜರ ಕಾಲದ್ದೇನಾದ್ರೂ ಸಿಕ್ತಾ?" ಅಂಗಡಿ ಯಜಮಾನರದು ದಿನವೂ ಇದೇ ಪ್ರಶ್ನೆ.

"ಹೋದ ತಿಂಗಳದ್ದು ಸಿಕ್ತು ಸಾರ್."

"ಹೋದ ತಿಂಗಳದ್ದನ್ನ ಇಟ್ಕೊಂಡು ಏನ್ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?"

"ಹಳೇದನ್ನ ಎಲ್ರೂ ಜೋಪಾನ ಮಾಡ್ತಾರೆ ಸಾರ್. ಹೊಸದನ್ನೇ ಜನ ಹರಿದು ಬಿಸಾಕೋದು."

ಅವನು ಹೇಳಿದ್ದು ಸುಳ್ಳಲ್ಲ. ಈಗ ಬರುವ ಟಪಾಲಿನ ಮೇಲೆ ಅಂಚೆಚೀಟಿಯೇ ಅಪರೂಪ. ಬ್ಯಾಂಕಿನವರದು ಯಂತ್ರದ ಮುದ್ರೆ, ಕಂಪನಿಗಳದು ಗೆರೆಗೆರೆಯ ಗುರುತು. ಹಕ್ಕಿಯದೋ ಸೇತುವೆಯದೋ ಚಿತ್ರವಿರುವ ಹೊಸ ಅಂಚೆಚೀಟಿ ಬಿಡುಗಡೆಯಾದರೆ ಅಂಚೆ ಕಚೇರಿಯ ಕಿಟಕಿಯಲ್ಲಿ ಹಾಳೆಗಟ್ಟಲೆ ಸಿಗುತ್ತದೆ, ನಿಜ. ಆದರೆ ಹಾಗೆ ಕೊಂಡು ನೇರವಾಗಿ ಆಲ್ಬಮ್ಮಿಗೆ ಸೇರಿಸಿದ್ದು ಅವನ ಪಾಲಿಗೆ ಸ್ಟಾಂಪೇ ಅಲ್ಲ. ಅದು ಒಂದು ಊರಿನಿಂದ ಇನ್ನೊಂದು ಊರಿಗೆ ಬಂದಿರಬೇಕು, ಮೈಮೇಲೆ ಮುದ್ರೆಯ ಪೆಟ್ಟು ತಿಂದಿರಬೇಕು. ಹಾಗಾಗಿ ಅವನ ಸಂಗ್ರಹ ಬೇರೊಬ್ಬರನ್ನು ನಂಬಿಕೊಂಡೇ ಬೆಳೆಯಬೇಕಿತ್ತು. ಆ ಬೇರೊಬ್ಬರು ಅವನ ಅಕ್ಕ.

ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಇಬ್ಬರಿಗೂ ಸೇರಿ ಒಂದೇ ಆಲ್ಬಮ್. ಹೊಸ ಸ್ಟಾಂಪನ್ನು ಯಾರು ಮೊದಲು ಕಂಡರೂ ಇನ್ನೊಬ್ಬರಿಗೆ ಕೊಡಬೇಕು, ತಾನಿಟ್ಟುಕೊಂಡರೆ ಮೋಸ. ಹೀಗೊಂದು ಕರಾರು ಮಾಡಿ, ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿ ಆಣೆ ಹಾಕಿಕೊಂಡಿದ್ದರು. ಅಕ್ಕ ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಕರಾರು ಅಂಚೆಯ ಮೂಲಕ ನಡೆಯಿತು. ಅವಳು ಕಳಿಸುವಳು, ಇವನು ಕಳಿಸುವನು. ಒಳಗೆ ಪುಟಗಟ್ಟಲೆ ಸುದ್ದಿ.

ಹನ್ನೊಂದು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದರು. ಅಕ್ಕ ಎರಡು ದಿನಕ್ಕೆಂದು ಬರುತ್ತಿದ್ದಳು, ಹೋಗುತ್ತಿದ್ದಳು. ನಿದ್ದೆಯಿಲ್ಲದೆ ಸೊರಗಿದ್ದ ಇವನು ಒಂದು ಬೆಳಿಗ್ಗೆ, ಅವಳು ಚಪ್ಪಲಿ ಮೆಟ್ಟುತ್ತಿರುವಾಗ, ತಡೆಯಲಾರದೆ ಅಂದುಬಿಟ್ಟ: "ನಿನಗೇನಮ್ಮ, ನೆಂಟರ ಹಾಗೆ ಬಂದು ಹೋಗ್ತೀಯ." ಅಕ್ಕ ತಿರುಗಿ ನೋಡಲಿಲ್ಲ. ಅಪ್ಪ ತೀರಿಕೊಂಡಾಗ ಬಂದವಳು ಗೋಡೆಗೆ ಒರಗಿ ಕೂತಿದ್ದು ಎದ್ದುಹೋದಳು. ಇವನ ಜೊತೆ ಒಂದು ಮಾತೂ ಆಡಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಲಕೋಟೆ ಬಂತು. ಆಗಷ್ಟೇ ಬಿಡುಗಡೆಯಾಗಿದ್ದ ಚಿಟ್ಟೆಯ ಸ್ಟಾಂಪು, ಅಕ್ಕನ ಅಕ್ಷರದಲ್ಲಿ ವಿಳಾಸ. ಅವನು ಅವಸರದಿಂದ ಒಡೆದು ನೋಡಿದ. ಒಳಗೆ, ಲಕೋಟೆ ಮಡಚಿಹೋಗದಿರಲಿ ಎಂದು ಇಟ್ಟಿದ್ದ ಒಂದು ಖಾಲಿ ರಟ್ಟು. ಎರಡೂ ಬದಿ ಬಿಳಿ. ಕರಾರು ಮುರಿದಿರಲಿಲ್ಲ, ಮಾತು ಮಾತ್ರ ಮುರಿದಿತ್ತು. ಅವನೂ ಹಟಕ್ಕೆ ಬಿದ್ದು ಖಾಲಿ ರಟ್ಟನ್ನೇ ಕಳಿಸಿದ. ಹಾಗೆ ಹನ್ನೊಂದು ವರ್ಷ, ವರ್ಷಕ್ಕೆ ಹತ್ತೋ ಹನ್ನೆರಡೋ ಲಕೋಟೆ. ಮೊದಮೊದಲು ಪ್ರತಿ ಸಲವೂ ಒಡೆದು ನೋಡುತ್ತಿದ್ದ. ಆಮೇಲೆ ಬಿಟ್ಟ. ಪ್ರತಿ ಸಲ ಬಿಳಿ ರಟ್ಟು ನೋಡಿ ಮುಖ ಸಣ್ಣದು ಮಾಡಿಕೊಳ್ಳುವುದು ಯಾರಿಗೆ ಬೇಕು?

ಸ್ಟಾಂಪು ಬಿಡಿಸುವುದಕ್ಕೆ ಅವನದೇ ಒಂದು ಕ್ರಮವಿತ್ತು. ಬೇರೆಯವರು ಲಕೋಟೆಯ ಮೂಲೆಯನ್ನು ಕತ್ತರಿಸಿ ಆ ತುಂಡನ್ನು ಮಾತ್ರ ನೀರಿಗೆ ಹಾಕುತ್ತಾರೆ. ಇವನು ಒಮ್ಮೆ ಹಾಗೆ ಮಾಡಲು ಹೋಗಿ ಒಂದು ಒಳ್ಳೆಯ ಸ್ಟಾಂಪಿನ ಅಂಚಿನ ಮೂರು ಹಲ್ಲು ಉಡಾಯಿಸಿದ್ದ. ಅಂದಿನಿಂದ ಸ್ಟಾಂಪಿನ ಹತ್ತಿರ ಕತ್ತರಿ ತರುವುದಿಲ್ಲವೆಂದು ಶಪಥ. ಇಡೀ ಲಕೋಟೆಯನ್ನೇ ಅಗಲವಾದ ಬೋಗುಣಿಯ ನೀರಿನಲ್ಲಿ ತೇಲಿಬಿಡುವನು. ಹದಿನೈದು ನಿಮಿಷದಲ್ಲಿ ಅಂಟು ಕರಗಿ ಸ್ಟಾಂಪು ತಾನಾಗಿ ಜಾರುತ್ತಿತ್ತು. ಚಿಮಟದಿಂದ ಎತ್ತಿ, ಟವೆಲ್ಲಿನ ಮೇಲೆ ಬೋರಲು ಮಲಗಿಸಿದರೆ ಮುಗಿಯಿತು. ಒಳಗಿನ ರಟ್ಟಿಗೆ ನೀರು ಇಳಿಯುವಷ್ಟರಲ್ಲಿ ಲಕೋಟೆ ಕಸದ ಬುಟ್ಟಿಯಲ್ಲಿರುತ್ತಿತ್ತು.

ಆ ದಿನ ಬಂದದ್ದು ದೀಪಸ್ತಂಭದ ಚಿತ್ರದ್ದು, ಹೊಸ ಬಗೆಯದು, ನೀರು ತಾಗಿಸದೆ ಹಾಗೇ ಅಂಟಿಸುವ ಸ್ಟಿಕ್ಕರ್ ಜಾತಿ. ಅಂಥದ್ದು ಅವನ ಕೈಗೆ ಬಂದದ್ದು ಅದೇ ಮೊದಲು. ಅರ್ಧ ಗಂಟೆ ಕಳೆದರೂ ಅಲುಗಲಿಲ್ಲ. ಬಿಸಿನೀರು ಹುಯ್ದ. ಊಹೂಂ. ಕೆಲಸಕ್ಕೆ ಹೊತ್ತಾಗುತ್ತಿತ್ತು. ಸಂಜೆಯವರೆಗೆ ನೆನೆಯಲಿ, ಎಲ್ಲಿಗೆ ಹೋಗುತ್ತೆ ಎಂದುಕೊಂಡು, ತೇಲದಂತೆ ಮೇಲೊಂದು ಬಟ್ಟಲು ಹೇರಿಟ್ಟು ಹೊರಟುಬಿಟ್ಟ.

ಸಂಜೆ ಬಂದಾಗ ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ಸೊಂಟದ ಮೇಲೆ ಹತ್ತು ತಿಂಗಳ ಕೂಸು. ಅಳಿಯನದು ಊರೂರು ತಿರುಗುವ ಕೆಲಸವಾದ್ದರಿಂದ ಅವಳು ಮಗುವಿನೊಂದಿಗೆ ಇಲ್ಲೇ ಇದ್ದಳು.

"ಅಪ್ಪ, ಆ ಬೋಗುಣಿ ಪಾಪು ಬಾಟಲಿ ಕುದಿಸೋಕೆ ಅಂತ ಇಟ್ಟಿದ್ದು. ನೂರು ಸಲ ಹೇಳಿದೀನಿ. ಅಂಟು, ಬಣ್ಣ, ಏನೇನಿರುತ್ತೋ ಅದರಲ್ಲಿ! ಈಗ್ನೋಡು, ನೀರೆಲ್ಲಾ ನೀಲಿ."

"ವಿಳಾಸದ ಶಾಯಿ ಕಣೆ. ಚೆಲ್ಲಿ ತೊಳೆದುಕೊಡ್ತೀನಿ, ತಾ."

ಹಾಗೆಂದವನು ಬೋಗುಣಿಯೊಳಗೆ ಬಗ್ಗಿ ನೋಡಿದ. ವಿಳಾಸ ಇದ್ದ ಹಾಗೇ ಇತ್ತು. ಅಕ್ಕ ಯಾವಾಗಲೂ ವಿಳಾಸ ಬರೆಯುವುದು ಬಾಲ್ ಪೆನ್ನಿನಲ್ಲಿ, ಅದು ನೀರಿಗೆ ಜಗ್ಗುವುದಿಲ್ಲ. ಮತ್ತೆ ನೀಲಿ ಎಲ್ಲಿಂದ ಬಂತು?

ಒದ್ದೆ ಲಕೋಟೆಯನ್ನು ಬಾಳೆಸಿಪ್ಪೆ ಸುಲಿದಂತೆ ಸುಲಿದ. ಒಳಗಿದ್ದದ್ದು ರಟ್ಟಲ್ಲ, ಮಡಿಸಿದ ಕಾಗದ. ಶಾಯಿ ಪೆನ್ನಿನಲ್ಲಿ ಬರೆದದ್ದು. ಮುಖ್ಯವಾದುದೇನಾದರೂ ಇದ್ದರೆ ಮಾತ್ರ ಅಕ್ಕ ಶಾಯಿ ಪೆನ್ನು ಹಿಡಿಯುತ್ತಿದ್ದಳು. ಈಗ ಅಲ್ಲಿ ಅಕ್ಷರವೆಂಬುದೇ ಇರಲಿಲ್ಲ. ನಾಲ್ಕು ಸಾಲುಗಳಿದ್ದ ಜಾಗದಲ್ಲಿ ನಾಲ್ಕು ನೀಲಿ ಮೋಡ. ಕೆಳಗೆ ಐದನೆಯದೊಂದು, ಚಿಕ್ಕದು.

ಕಾಗದವನ್ನು ಟವೆಲ್ಲಿನ ಮೇಲೆ ಹರಡಿದ. ಭೂತಗನ್ನಡಿ ಹಿಡಿದ. ದೀಪದ ಕೆಳಗಿಟ್ಟ, ಕಿಟಕಿಗೆ ಹಿಡಿದ, ಓರೆಯಾಗಿ ನೋಡಿದ. ಗಾಜಿನ ಮೇಲಿನ ಕೂದಲೆಳೆಯಷ್ಟು ಗೀರನ್ನು ಬರಿಗಣ್ಣಿನಲ್ಲಿ ಹಿಡಿಯುವವನಿಗೆ ಒಂದಕ್ಷರವೂ ಸಿಗಲಿಲ್ಲ.

"ಅಪ್ಪ, ಅತ್ತೆಗೆ ಹುಷಾರಿಲ್ವೇನೋ," ಎಂದಳು ಮಗಳು. ಬೋಗುಣಿಯ ವಿಷಯ ಮರೆತೇಹೋಗಿತ್ತು. "ಆಪರೇಶನ್ ಏನಾದ್ರೂ ಇದ್ದು, ಅದರ ತಾರೀಖು ಬರೆದಿದ್ರೆ? ಇಷ್ಟು ವರ್ಷ ಬರೀದೆ ಇದ್ದೋರು ಸುಮ್ನೆ ಬರೀತಾರಾ? ಮಾವನಿಗೇನಾದ್ರೂ... ಅಯ್ಯೋ, ಪಾಪು, ಕಾಗದ ಬಾಯಿಗೆ ಹಾಕ್ಕೋಬೇಡ!"

"ಸುಮ್ನಿರೆ. ನಿನಗೆ ಗಾಳಿ ಬೀಸಿದ್ರೂ ನ್ಯುಮೋನಿಯಾನೇ ಕಾಣೋದು."

ಗದರಿದನೇನೋ ಹೌದು, ಆದರೆ ಮಾತು ಒಳಗೆ ಇಳಿದಾಗಿತ್ತು. ಒದ್ದೆ ವಿಳಾಸವನ್ನು ಮತ್ತೊಮ್ಮೆ ನೋಡಿದ. ಒಂದೆರಡು ವರ್ಷದಿಂದ ಅಕ್ಕನ ಅಕ್ಷರ ದೊಡ್ಡದಾಗುತ್ತ ಬಂದಿತ್ತು, ಸಾಲು ಬಲಕ್ಕೆ ಇಳಿಯುತ್ತಿತ್ತು. ದಿನವಿಡೀ ಕಣ್ಣಿನ ನಂಬರುಗಳ ನಡುವೆ ಬದುಕುವ ಅವನಿಗೆ ಅದರ ಅರ್ಥ ಗೊತ್ತಿರಲಿಲ್ಲವೆ? ಗೊತ್ತಿತ್ತು. ಸ್ಟಾಂಪನ್ನು ಬಿಡಿಸಿಕೊಂಡು ಆ ಅಕ್ಷರವನ್ನು ಪ್ರತಿ ಸಲ ಬುಟ್ಟಿಗೆ ಹಾಕಿದ್ದ.

ಹೆಂಡತಿ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು. "ಈಗೇನ್ ಮಾಡ್ತೀರಿ?"

"ಯಾವಾಗಿನ ಹಾಗೆ ಒಂದು ರಟ್ಟು ಕಳಿಸೋದು. ಓದಿದೀನೋ ಇಲ್ವೋ ಅವಳಿಗೇನು ಗೊತ್ತಾಗುತ್ತೆ?"

"ಏನಾದ್ರೂ ಕೇಳಿದ್ರೆ?"

ಅವನು ಲೋಟ ಕೆಳಗಿಟ್ಟ. ಕೇಳಿದ್ದರೆ, ಹೋಗುವ ಖಾಲಿ ರಟ್ಟೇ ಉತ್ತರವಾಗುತ್ತದೆ. ಹನ್ನೊಂದು ವರ್ಷದ ಮೇಲೆ ಅವಳೇ ಸೋತು ನಾಲ್ಕು ಸಾಲು ಬರೆದಿದ್ದಾಳೆ. ಓದಿಯೂ ಇವನು ಬಿಳಿ ರಟ್ಟು ಕಳಿಸಿದ ಎಂದೇ ತಿಳಿಯುತ್ತಾಳೆ. ಆಮೇಲೆ ಲಕೋಟೆಯೂ ಬರುವುದಿಲ್ಲ. ಬರೆದು ಕೇಳೋಣವೆಂದರೆ ಹೋಗಿ ಬರಲು ಹತ್ತು ದಿನ. ಮಗಳು ಹೇಳಿದಂತೆ ಅದರಲ್ಲೊಂದು ತಾರೀಖಿದ್ದರೆ?

"ಅವಳ ಫೋನ್ ನಂಬರು..." ಎಂದ, ಚಹಾದ ಕಡೆ ನೋಡುತ್ತ.

"ನನ್ನತ್ರ ಇದೆ. ಅವತ್ತಿಂದಾನೂ ಇದೆ. ನೀವು ಕೇಳ್ಲಿಲ್ಲ, ನಾನು ಕೊಡ್ಲಿಲ್ಲ."

ಮೂರು ಸಲ ಅಂಕಿ ತಪ್ಪಾಗಿ ಒತ್ತಿದ. ಕೊನೆಗೆ ಮಗಳೇ ಒತ್ತಿ ಅವನ ಕಿವಿಗೆ ಹಿಡಿದಳು.

"ಯಾರು?"

"ನಾನು."

ಆ ಕಡೆಯಿಂದ ಅಕ್ಕ ಒಂದೇ ಉಸಿರಿಗೆ, "ಯಾರಿಗೇನಾಯ್ತೋ? ಮಗಳು ಹುಷಾರಾಗಿದ್ದಾಳಾ? ನಿನ್ನ ಹೆಂಡತಿಗೇನಾದ್ರೂ..."

"ಯಾರಿಗೂ ಏನೂ ಆಗಿಲ್ಲ ಅಕ್ಕ. ನಿನ್ನ ಕಾಗದ ನೀರಿಗೆ ಹಾಕ್ಬಿಟ್ಟೆ."

"ಓದಿ ಆದ್ಮೇಲಾ?"

"ಓದೋಕ್ ಮುಂಚೆ. ಒಳಗೆ ರಟ್ಟಿದೆ ಅಂದ್ಕೊಂಡೆ."

"ಒಡೆದು ನೋಡ್ಲಿಲ್ವಾ?" ಅಕ್ಕನ ಧ್ವನಿ ಏರಿತು. "ಮೂರು ದಿನ ಕೂತು, ಎರಡು ಹಾಳೆ ಹರಿದು ಬರೆದಿದೀನಿ ಕಣೋ! ಸ್ಟಾಂಪು ಅಂದ್ರೆ ಆಯ್ತು, ಕಣ್ಣು ಕಾಣಲ್ಲ ನಿನಗೆ. ಚಿಕ್ಕಂದಿಂದ ಹಾಗೇ."

"ಬೈ. ಆಮೇಲೆ ಏನು ಬರೆದಿದ್ದೆ ಹೇಳು."

ಆ ಕಡೆ ನಲ್ಲಿ ಸುರಿಯುವ ಸದ್ದು, ಅವಳು ಅದನ್ನು ನಿಲ್ಲಿಸಿದ ಸದ್ದು.

"ಬರೆಯೋದು ಸುಲಭ, ಬಾಯಲ್ಲಿ ಹೇಳೋದು..." ಎಂದಳು. "ಅಪ್ಪನ ಹತ್ರ ನಾನು ಇನ್ನೂ ನಾಲ್ಕು ದಿನ ಇರಬೇಕಿತ್ತು ಅಂತ ಬರೆದಿದ್ದೆ. ಇರಲಿಲ್ಲ, ಅದು ನಿಜ ಅಂತ. ಆದ್ರೆ ನೀನು ಹಾಗನ್ನಬಾರದಿತ್ತು ಅಂತಾನೂ ಬರೆದಿದ್ದೆ."

"ಅನ್ನಬಾರದಿತ್ತು," ಎಂದ ಅವನು.

"ಕೊನೆಗೆ, ಒಂದ್ಸಲ ಇಲ್ಲಿಗೆ ಬಾ ಅಂತ. ನೆಂಟರ ಹಾಗೆ ಎರಡು ದಿನ ಇದ್ದು ಹೋಗು, ಹೇಗಿರುತ್ತೆ ಅಂತ ನಿನಗೂ ಗೊತ್ತಾಗ್ಲಿ ಅಂತ."

ಅವನಿಗೆ ನಗು ಬಂತು. ಮಗಳು ಎದುರಿಗೆ ನಿಂತು ಏನು, ಏನು ಎಂದು ಕೈಸನ್ನೆ ಮಾಡುತ್ತಲೇ ಇದ್ದಳು.

"ಕನ್ನಡಕದ ನಂಬರೆಷ್ಟು ನಿಂದು?"

"ನಂಬರು ಯಾರು ನೆನಪಿಟ್ಕೋತಾರೆ? ಯಾವ ಕಾಲದ್ದೋ. ಯಾಕೆ?"

"ವಿಳಾಸ ಬರೆಯೋವಾಗ ನಿನ್ನ ಸಾಲು ಬಲಕ್ಕೆ ಇಳೀತಿದೆ, ಅಕ್ಷರ ದೊಡ್ಡದಾಗ್ತಿದೆ. ಅಲ್ಲಿ ಪರೀಕ್ಷೆ ಮಾಡಿಸಿ ಚೀಟಿ ಇಟ್ಕೊಂಡಿರು. ಗಾಜು ನಾನೇ ಉಜ್ಜಿ ತರ್ತೀನಿ... ಇಲ್ಲ, ಬೇಡ. ಭಾನುವಾರ ಬರ್ತೀನಿ, ಪರೀಕ್ಷೆಗೆ ನಾನೇ ಕರ್ಕೊಂಡು ಹೋಗ್ತೀನಿ."

"ಬಾ." ಅಕ್ಕ ಕೇಳಿದಳು, "ಸ್ಟಾಂಪಾದ್ರೂ ಸಿಕ್ತಾ?"

ಅವನು ಟವೆಲ್ಲಿನ ಕಡೆ ನೋಡಿದ. ಲಕೋಟೆ ಎಂಟು ಕಡೆ ಬಿರಿದು ಚಿಂದಿಯಾಗಿತ್ತು. ಅದರ ಮೂಲೆಯಲ್ಲಿ ದೀಪಸ್ತಂಭ ಒಂದಿಷ್ಟೂ ಕದಲದೆ ಕೂತಿತ್ತು.

"ಇಲ್ಲ ಅಕ್ಕ. ಕಚ್ಕೊಂಡಿದೆ, ಬಿಡ್ತಾನೇ ಇಲ್ಲ."

"ಒಳ್ಳೇದಾಯ್ತು, ಹಾಗೇ ಇರ್ಲಿ ಬಿಡು," ಎಂದಳು ಅಕ್ಕ.

ಫೋನು ಇಟ್ಟ ಮೇಲೆ ಅವನು ಮೊದಲು ಬೋಗುಣಿಯನ್ನು ಎರಡು ಸಲ ಸೋಪು ಹಾಕಿ ಉಜ್ಜಿ ಮಗಳ ಕೈಗೆ ಕೊಟ್ಟ. ಅವಳು ಅದನ್ನು ಮೂರನೆಯ ಸಲ ತೊಳೆದಳು. ಆಮೇಲೆ ಅವನು ಲಕೋಟೆ, ನೀಲಿ ಮೋಡದ ಕಾಗದ ಎರಡನ್ನೂ ಒಣಗಲು ಹರಡಿ, ಹಾರದಂತೆ ನಾಲ್ಕು ಮೂಲೆಗೂ ಹಳೆಯ ಕನ್ನಡಕದ ಗಾಜುಗಳನ್ನಿಟ್ಟ. ಅವನ ಆಲ್ಬಮ್ಮಿನಲ್ಲಿ ಒಂದು ಸ್ಟಾಂಪು ಲಕೋಟೆಯ ಸಮೇತ ಸೇರಿದ್ದು ಅದೇ ಮೊದಲು. ಅದಕ್ಕೆ ಎರಡು ಪುಟದ ಜಾಗ ಬೇಕಾಯಿತು.