ನೆರಳಿನ ಬದಿಯ ವಿಂಗರ್

ಇವತ್ತು ಬೆಳಿಗ್ಗೆ ಎರಡು ಕೊಡ ನೀರು ತುಂಬಿದೆ, ಜೋಳದ ಹಿಟ್ಟು ಜರಡಿ ಹಿಡಿದೆ, ಎಂಟು ರೊಟ್ಟಿ ಬಡಿದೆ, ಮೆಂತ್ಯ ಸೊಪ್ಪು ಬಿಡಿಸಿದೆ, ಬಾಯಿಬಿಟ್ಟ ಫುಟ್‌ಬಾಲ್ ಬೂಟನ್ನು ದಬ್ಬಣದಿಂದ ಹೊಲಿದೆ. ಬೂಟು ನಮ್ಮ ಮನೆಯವರದು. ವಯಸ್ಸು ನಲವತ್ತಾರು. ವಾರವೆಲ್ಲ ಟೆಂಪೋ ಓಡಿಸುತ್ತಾರೆ, ಭಾನುವಾರ ವಿಂಗರ್.

ವಿಂಗರ್ ಎಂದರೆ ಮೈದಾನದ ಅಂಚಿನಲ್ಲಿ ಓಡಿ, ನಡುವಿನವರಿಗೆ ಚೆಂಡು ಒದಗಿಸುವವರು. ನಮ್ಮ ಬೈಲಹೊಂಗಲದ ಮೈದಾನದ ಒಂದು ಅಂಚಿಗಷ್ಟೇ ಬೇವಿನ ಮರಗಳಿವೆ. ಅರ್ಧ ಆಟವಾದ ಮೇಲೆ ತಂಡಗಳು ಬದಿ ಬದಲಿಸಿದರೆ ಇವರು ಬಲಗಡೆ ಬಿಟ್ಟು ಎಡಗಡೆ ಆಡುತ್ತಾರೆ. ನೆರಳನ್ನು ಮಾತ್ರ ಬಿಡುವುದಿಲ್ಲ. ಟೆಂಪೋಗೆ ಯಾವ ಊರಿನ ಬಾಡಿಗೆ ಸಿಕ್ಕಿತೋ ಆ ಊರಿನ ತಂಡದಲ್ಲಿ ಆಡಿದ್ದಾರೆ. ಕಿತ್ತೂರಿನಲ್ಲಿ ಒಂದೇ ವರ್ಷ, ಅಲ್ಲಿ ಮರವಿರಲಿಲ್ಲ. ಸವದತ್ತಿಯಲ್ಲಿ ಆರು, ರಾಮದುರ್ಗದಲ್ಲಿ ಎರಡು. ಈಗ ಮತ್ತೆ ಬೈಲಹೊಂಗಲ. ಇಷ್ಟರಲ್ಲಿ ಹೊಡೆದ ಗೋಲು ಮೂರು. ಮೂರರ ಕತೆಯೂ ನನಗೆ ಬಾಯಿಪಾಠ.

ಹೋದ ವಾರ ಕ್ಯಾಪ್ಟನ್ ಹುಡುಗ ಮನೆಗೇ ಬಂದಿದ್ದ.

“ಕಾಕಾ, ರವಿವಾರ ಸವದತ್ತಿಯವ್ರ ಕೂಡ ಮ್ಯಾಚ್ ಐತಿ. ಛಲೋ ಆಡಿದ್ರ ಟೀಮಿನ್ಯಾಗ ಇರ್ರಿ. ಇಲ್ಲಂದ್ರ ಇನ್ನ ಗೆರಿ ಹೊರಗ ನಿಂತು ಬಾವುಟ ಹಿಡೀರಿ.”

ಅವತ್ತಿನಿಂದ ಇವರು ಮಿರ್ಚಿ ಭಜಿ ಮುಟ್ಟಿರಲಿಲ್ಲ.

ಇವತ್ತು ಮಧ್ಯಾಹ್ನ ಮಜ್ಜಿಗೆಯ ಕ್ಯಾನ್ ಹಿಡಿದು ಬೇವಿನ ಬುಡದಲ್ಲಿ ಕುಳಿತೆ. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ನಮ್ಮ ಗೋಲಿನ ಹತ್ತಿರ ಇವರ ಕಾಲಿಗೆ ಚೆಂಡು ಸಿಕ್ಕಿತು. ಆಗ ಸವದತ್ತಿಯ ಹುಡುಗನೊಬ್ಬ, ಆರು ವರ್ಷ ಇವರ ಜೊತೆಗೇ ಆಡಿದವನು, “ಕಾಕಾ, ಇಲ್ಲೆ ಕೊಡ್ರಿ” ಎಂದ. ಇವರು ಕೊಟ್ಟುಬಿಟ್ಟರು. ಅಳತೆ ಹಿಡಿದ ಹಾಗಿತ್ತು ಪಾಸು. ಅವನು ಗೋಲು ಹೊಡೆದ. ಇವರು ಖುಷಿಯಿಂದ ಎರಡೂ ಕೈ ಎತ್ತಿ, ಆಮೇಲೆ ಮೆಲ್ಲಗೆ ಇಳಿಸಿದರು.

“ಏನ್ರಿ ಕಾಕಾ ಇದು?” ಎಂದ ನಮ್ಮ ಕ್ಯಾಪ್ಟನ್.

“ಕಾಕಾ ಅಂತ ಕೇಳಿದ್ನಪಾ. ಇಲ್ಲ ಅನ್ನಾಕ ಹೆಂಗ ಬರತೈತಿ?”

ಆಟ ಮುಗಿದದ್ದೇ ತಡ, ಕ್ಯಾಪ್ಟನ್ ಬಾವುಟ ತಂದು ಇವರ ಕೈಗಿಟ್ಟ. ಇವರು ಅದನ್ನು ಮಡಚಿ ಬಿಚ್ಚಿ ಮಾಡುತ್ತ ನನ್ನ ಪಕ್ಕದಲ್ಲಿ ಕುಳಿತರು. ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಗೋಲು ಹೊಡೆದ ಹುಡುಗ ಮಜ್ಜಿಗೆಗೆ ಬಂದ.

“ಕಾಕಿ, ಕಾಕಾನ್ನ ನಮಗ ಕೊಟ್ಟಬಿಡ್ರಿ. ಇಂಥಾ ಪಾಸ್ ನಮ್ಮೂರಾಗ ಯಾರೂ ಕೊಡೂದಿಲ್ಲ.”

“ಒಯ್ಯಪಾ. ಬೂಟ್ ಹೊಲಿಯೂ ದಬ್ಬಣಾನೂ ಕೊಡತೇನಿ.”

ಇವರು ತಲೆ ಎತ್ತಿದರು. “ಅಲ್ಲಿ ಬೇವಿನ ಗಿಡ ಇನ್ನೂ ಅದಾವೇನು?”

“ಎರಡ ಉಳದಾವ್ರಿ.”

“ಸಾಕು. ಅವೆರಡರ ನಡಕ ಓಡತೇನಿ.”

ಬಾವುಟವನ್ನು ಕ್ಯಾಪ್ಟನ್ನಿಗೆ ವಾಪಸು ಕೊಟ್ಟು ಬಂದರು.

ರಾತ್ರಿ ರೊಟ್ಟಿ, ಮೆಂತ್ಯ ಪಲ್ಯ, ಶೇಂಗಾ ಚಟ್ನಿ, ದಾರಿಯಲ್ಲಿ ಕಟ್ಟಿಸಿಕೊಂಡು ಬಂದ ಮಿರ್ಚಿ ಭಜಿ. ಮೊದಲು ಮಲಗಿದವರು ಇವರೇ, ಬೂಟು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು.