ಕುಂಕುಮ ಬಿದ್ದ ಬೋರ್ಡು

1997ರಲ್ಲಿ ನಾನು ಪುಣೆಯ ಭೋಸರಿಯಲ್ಲಿ, ಕಾರ್ಖಾನೆ ಯಂತ್ರಗಳ ಎಲೆಕ್ಟ್ರಾನಿಕ್ ಬೋರ್ಡು ರಿಪೇರಿ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ಮುಖ್ಯ ಟೆಕ್ನಿಷಿಯನ್ ಆಗಿದ್ದೆ. ಹದಿನಾಲ್ಕು ವರ್ಷದ ಅನುಭವವಿತ್ತು, ಅದಕ್ಕೆ ತಕ್ಕ ಜಂಬವೂ ಇತ್ತು. ಸರ್ಫೇಸ್ ಮೌಂಟ್ ಬೋರ್ಡುಗಳು ಮಾತ್ರ ನಮಗೆ ಹೊಸವು. ಅವುಗಳ ಬಿಡಿಭಾಗಗಳಿಗೆ ಉದ್ದ ಕಾಲುಗಳಿರುವುದಿಲ್ಲ. ಅಕ್ಕಿಕಾಳಿನಷ್ಟು ಸಣ್ಣವು ಬೋರ್ಡಿನ ಮೈಗೇ ಬೆಸೆದಿರುತ್ತವೆ. ಕೆಟ್ಟದ್ದು ಯಾವುದೆಂದು ಭೂತಗನ್ನಡಿ ಹಿಡಿದು ಹುಡುಕಬೇಕು.

ಆ ವರ್ಷ ಗಣಪತಿ ಹಬ್ಬದ ಹೊತ್ತಿಗೆ ರಾಂಜಣಗಾಂವದ ಕಾರ್ಖಾನೆಯೊಂದರಿಂದ ಪ್ರೆಸ್ ಯಂತ್ರದ ಬೋರ್ಡು ಬಂತು. ಒಂದು ಕೆಪಾಸಿಟರ್ ಸತ್ತಿತ್ತು. ಅದೇ ತರಹದ ದುಂಡನೆಯದು ಸ್ಟೋರಿನಲ್ಲಿ ಇರಲಿಲ್ಲವೆಂದು ಚಪ್ಪಟೆಯ ಟ್ಯಾಂಟಲಮ್ ಕೆಪಾಸಿಟರ್ ಕೊಟ್ಟರು. ಹಾಕಿದೆ. ಬೋರ್ಡು ಸರಿಯಾಯಿತು, ರಿಜಿಸ್ಟರಿನಲ್ಲಿ ಸಹಿ ಮಾಡಿದೆ.

ಐದು ವಾರಕ್ಕೆ, ಖಂಡೇನವಮಿಯ ಆಯುಧಪೂಜೆ ಮುಗಿದು ಯಂತ್ರ ಮತ್ತೆ ಶುರುವಾದ ದಿನವೇ ಅದು ಸುಟ್ಟುಹೋಯಿತು. ಕಾರ್ಖಾನೆಯ ಮ್ಯಾನೇಜರ್ ತಾವೇ ಹೊತ್ತು ತಂದರು. ಜೊತೆಗೆ ಆ ಯಂತ್ರ ನಡೆಸುವ ಶರಣಪ್ಪ. ಯಾದಗಿರಿ ಕಡೆಯವನು, ಕಾಂಟ್ರಾಕ್ಟ್ ಕೆಲಸಗಾರ, ಮುಂದಿನ ತಿಂಗಳು ಕಾಯಂ ಆಗುವವನಿದ್ದ. ಹಬ್ಬದ ದಿನ ಎಲ್ಲರಂತೆ ಯಂತ್ರ ತೊಳೆದು, ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದ. ಕಾಯಿಯ ನೀರು ಒಳಗೆ ಹೋಗಿ ಬೋರ್ಡು ಸುಟ್ಟಿತೆಂಬುದು ಮ್ಯಾನೇಜರರ ಅನುಮಾನ. ಕಾರಣವನ್ನು ಬರೆದುಕೊಡಿ ಎಂದರು.

ನನ್ನ ಮರಾಠಿಯಲ್ಲಿ ಬಿಜಾಪುರದ ಕನ್ನಡದ ವಾಸನೆ ಹತ್ತಿ ಶರಣಪ್ಪ ಹತ್ತಿರ ಬಂದ. "ಸರ, ನೀರ ಹೊರಗ ಬಿದ್ದದ್ರಿ. ಒಳಗ ಹೋಗಿಲ್ರಿ. ನೀವರ ಛಲೋತ್ನಂಗ ನೋಡ್ರಿ."

"ಬೋರ್ಡಿನ್ಯಾಗ ಏನ್ ಕಾಣಸ್ತದ, ಅದನ್ನ ಬರೀತೀನಪ್ಪ," ಎಂದೆ.

ಕಂಡದ್ದು ಇಷ್ಟು: ಬೋರ್ಡಿನ ಅಂಚಿನಲ್ಲಿ ಚಿಟಿಕೆ ಕುಂಕುಮ, ನಡುವೆ ಇದ್ದಿಲಾದ ಕೆಪಾಸಿಟರ್. ನೀರಿನ ಕಲೆ ಇದೆಯೇ ಎಂದು ಹುಡುಕಲೂ ಇಲ್ಲ. ಕುಂಕುಮ ಕಂಡಿತಲ್ಲ, ಸಾಕೆನಿಸಿತು. 'ಒಳಗೆ ನೀರು ಹೋಗಿದೆ' ಎಂದು ಬರೆದು ಕೊಟ್ಟೆ. ಅಷ್ಟರಲ್ಲಿ ಸ್ಟೋರಿಗೆ ದುಂಡನೆಯ ಕೆಪಾಸಿಟರ್ ಬಂದಿತ್ತು, ಅದನ್ನೇ ಹಾಕಿ ಕಳಿಸಿದೆ. ಶರಣಪ್ಪನನ್ನು ಆ ವಾರವೇ ತೆಗೆದುಹಾಕಿದರೆಂದು ಆಮೇಲೆ ತಿಳಿಯಿತು. ಅಯ್ಯೋ ಪಾಪ ಎಂದುಕೊಂಡು ಸುಮ್ಮನಾದೆ.

ಮುಂದಿನ ಫೆಬ್ರವರಿಯಲ್ಲಿ ಬೇರೆ ಗ್ರಾಹಕರ ಹೊಸ ಬೋರ್ಡು ಮೇಜಿಗೆ ಬಂತು. ಅದರ ಟ್ಯಾಂಟಲಮ್ ಕೆಪಾಸಿಟರುಗಳ ಮೈಮೇಲಿನ ಗುರುತಿನ ಪಟ್ಟಿ ಪ್ಲಸ್ ಕಡೆಗಿತ್ತು. ಪಟ್ಟಿ ಎಂದರೆ ಮೈನಸ್ ಎಂದೇ ತಿಳಿದಿದ್ದ ನಾನು, ತಯಾರಿಸಿದವರೇ ತಪ್ಪಿದ್ದಾರೆಂದು ನಕ್ಕೆ. ಆದರೂ ಅನುಮಾನಕ್ಕೆ ಡಾಟಾ ಪುಸ್ತಕ ತೆಗೆದೆ. ದುಂಡನೆಯದರಲ್ಲಿ ಕಪ್ಪು ಗುರುತು ಮೈನಸ್. ಟ್ಯಾಂಟಲಮ್‌ನಲ್ಲಿ ಪಟ್ಟಿ ಇರುವುದೇ ಪ್ಲಸ್. ತಿರುವುಮುರುವು ಹಾಕಿದರೂ ಕೆಲವೊಮ್ಮೆ ಕೆಲವು ವಾರ ನಡೆದು, ಆಮೇಲೆ ಸುಡುತ್ತದೆ. ರಿಜಿಸ್ಟರ್ ತೆರೆದೆ. ಟ್ಯಾಂಟಲಮ್, ನನ್ನದೇ ಸಹಿ. ಪಟ್ಟಿಯನ್ನು ಮೈನಸ್ ಕಡೆ ತಿರುಗಿಸಿಯೇ ಹಾಕಿದ್ದೆನೆಂಬುದು ನನಗೆ ಚೆನ್ನಾಗಿ ನೆನಪಿತ್ತು.

ಮರುದಿನವೇ ತಪ್ಪೊಪ್ಪಿಗೆ ಬರೆದು ರಾಂಜಣಗಾಂವಕ್ಕೆ ಹೋದೆ. ಮ್ಯಾನೇಜರ್ ಓದಿ, ಆ ಜಾಗಕ್ಕೆ ಬೇರೆಯವನು ಬಂದಾಯಿತು ಎಂದು ಪತ್ರ ಹಿಂದಕ್ಕೆ ಕೊಟ್ಟರು. ಕಾರ್ಖಾನೆಯ ಗೇಟಿನಲ್ಲಿ ವಿಚಾರಿಸಿ, ವಾಘೋಲಿಯಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡದ ಹತ್ತಿರ ಶರಣಪ್ಪನನ್ನು ಹುಡುಕಿದೆ. ಇಟ್ಟಿಗೆ ಹೊರುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಂದ್ರ ಕಾಯಿ ನೀರಿಂದ ಅಲ್ರಿ?"

"ಅಲ್ಲಪ್ಪ. ನಾನ ತಪ್ಪ ಹಾಕಿದ್ದೆ."

ಅವನು ಇಟ್ಟಿಗೆಯ ರಾಶಿಯ ಮೇಲೆ ಕುಳಿತ.

"ಆ ಕಾಯಿ ನಮ್ಮವ್ವ ಕೊಟ್ಟಿದ್ದಳ್ರಿ. ನನ್ನ ಕಾಯಿಂದ ನಿನ್ನ ನೌಕರಿ ಹೋತು ಅಂತ ದಿನಾ ಅಳ್ತಿದ್ಲು. ಸಂಕ್ರಮಣಕ್ಕ ತೀರಕೊಂಡ್ಳು."

ಪತ್ರವನ್ನು ಅವನ ಕೈಯಲ್ಲಿಟ್ಟೆ. ಓದಲು ಬಾರದೆಂದು ನನಗೇ ಓದಲು ಹೇಳಿದ. ಒಂದು ಸಲ ಓದಿದೆ. ಇನ್ನೊಮ್ಮೆ ಓದಿಸಿಕೊಂಡ. ಆಮೇಲೆ ಮಡಚಿ ಜೇಬಿಗಿಟ್ಟು ಕೆಲಸಕ್ಕೆ ಎದ್ದ.

ನಿವೃತ್ತನಾಗುವವರೆಗೂ, ಕೆಟ್ಟ ಬೋರ್ಡು ಮರಳಿ ಬಂದರೆ ಮೊದಲು ನಾನೇ ಬೆಸೆದ ಭಾಗವನ್ನು ನೋಡುತ್ತಿದ್ದೆ. ಇನ್ನೊಬ್ಬರ ತಪ್ಪನ್ನು ಬರೆಯುವ ಮೊದಲು ನನ್ನ ತಪ್ಪನ್ನು ಹುಡುಕಬೇಕೆಂದು ಈ ಕೆಲಸ ಕಲಿಸಿತು. ನಾಲ್ಕು ತಿಂಗಳು ಮೊದಲೇ ಕಲಿತಿದ್ದರೆ ಒಬ್ಬ ಮುದುಕಿ ತಾನು ಕೊಟ್ಟ ಕಾಯಿಯನ್ನು ಶಪಿಸದೆ ಕಣ್ಣು ಮುಚ್ಚುತ್ತಿದ್ದಳು.